ಪಂಚಮಿ ಜೋಕಾಲಿಗೆ ಯಾವ ವೆಲ್ಡಿಂಗು?

ತಂಗಿ ಶರಣವ್ವ ಫೋನಿನಲ್ಲಿ ಖಡಾಖಂಡಿತ ಹೇಳಿಬಿಟ್ಟಿದ್ದಳು: "ಅಣ್ಣಾ, ಜೋಕಾಲಿ ಇಲ್ಲಂದ್ರ ಪಂಚಮಿಗೆ ತವರಮನಿಗೆ ಯಾಕ ಬರಬೇಕು? ಸಂಜೀಕ ಬರ್ತೇನಿ. ಕಟ್ಟಿರಲಿಲ್ಲಂದ್ರ ಬಂದ ಬಸ್ಸಿಗೇ ವಾಪಸ್ ಹೊಂಟೆ!"

ಅಂಗಳದ ಬೇವಿನ ಮರ ಬಿದ್ದ ಮೇಲೆ ಬೈರಿದೇವರಕೊಪ್ಪದ ಗುರುಪಾದನಿಗೆ ಜೋಕಾಲಿ ಕಟ್ಟಲು ಜಾಗವೇ ಇರಲಿಲ್ಲ. ಆದರೇನಂತೆ, ಹಿತ್ತಲ ತಗಡಿನ ಶೆಡ್ಡಿನಲ್ಲಿ ಅವನದೇ ಪುಟ್ಟ ವರ್ಕ್‌ಶಾಪ್ ಇತ್ತು. ಅದರಲ್ಲಿ ಎರಡು ವೆಲ್ಡಿಂಗ್ ಮಷೀನು: ಒಂದು ರಾಡಿನದು, ಇನ್ನೊಂದು ಗ್ಯಾಸ್ ಬಿಟ್ಟು ತಂತಿ ಕರಗಿಸುವ ಮಿಗ್. ಕಬ್ಬಿಣದ ಸ್ಟ್ಯಾಂಡೇ ಮಾಡಿದರಾಯಿತೆಂದು ಬೆಳಿಗ್ಗೆ ಪೈಪುಗಳನ್ನು ಅಂಗಳಕ್ಕೆ ಎಳೆದ. ಯಾವ ಮಷೀನು ಹಚ್ಚುವುದು ಎಂಬುದೊಂದೇ ತಕರಾರು.

"ರಾಡ್ ಹಚ್ಚೋ ತಮ್ಮಾ," ಎಂದರು ಕಾಂಪೌಂಡಿನಾಚೆಯ ಫಕೀರಪ್ಪ, ತಾರಿಹಾಳದ ಫ್ಯಾಕ್ಟರಿಯಲ್ಲಿ ಜೀವ ಸವೆಸಿದವರು. "ಶ್ರಾವಣದ ಗಾಳಿ ಬಿಟ್ಟೈತಿ. ಬಯಲಾಗ ಮಿಗ್ ನಡಿಯಂಗಿಲ್ಲ, ಗ್ಯಾಸ್ ಹಾರಿ ಹೋಗ್ತೈತಿ."

"ಅಯ್ಯ, ರಾಡಿಂದು ಗಂಟುಗಂಟು ಆಗ್ತೈತ್ರಿ!" ಈಚೆ ಮನೆಯ ಅಖ್ತರಬೇಗಂ ಬಾಯಿ ಹಾಕಿದಳು, ಗಂಡನದು ಗ್ರಿಲ್ ಅಂಗಡಿ. "ನಿಮ್ಮ ತಂಗಿ ಇಳಕಲ್ ಸೀರಿ ಉಟ್ಟು ಕೂಡಾಕಿ. ಸೆರಗು ಸಿಕ್ಕಿ ಹರೀತಂದ್ರ ಏನ್ ಮಾಡ್ತೀರಿ? ಮಿಗ್ ಹಚ್ರಿ, ಬೆಣ್ಣಿಯಂಗ ಬರ್ತೈತಿ."

ಸೆರಗಿನ ಮಾತು ಕೇಳಿದ್ದೇ ಗುರುಪಾದ ಮಿಗ್ ಹಚ್ಚಿದ. ಗಾಳಿ ಭರ್ರೆಂದು ಬೀಸಿತು. ಬೆಸುಗೆ ದೋಸೆಯಂತೆ ತೂತುತೂತಾಯಿತು.

"ನಾ ಹೇಳಿರಲಿಲ್ಲೇನು?" ಫಕೀರಪ್ಪ ಹಿಗ್ಗಿದರು.

"ಹಂಗಾರ ಶೆಡ್ಡಿನ್ಯಾಗ ಒಯ್ದು ಮಾಡ್ರಿ," ಅಖ್ತರಬೇಗಂ ಸೋಲಲಿಲ್ಲ. "ಅಲ್ಲೆಲ್ಲಿ ಗಾಳಿ ಬರ್ತೈತಿ?"

ಖರೇ ಅನಿಸಿತು. ಪೈಪುಗಳನ್ನೆಲ್ಲ ಒಳಗೆ ಹೊತ್ತ. ಹೆಂಡತಿ ನಾಗರತ್ನಾ ಊಟಕ್ಕೆ ಕರೆದೂ ಕರೆದೂ ಸೋತಳು. ಸಂಜೆಯ ಹೊತ್ತಿಗೆ ನಾಲ್ಕು ಕಾಲಿನ ಸ್ಟ್ಯಾಂಡು ಆನೆ ಕೂತರೂ ಅಲುಗದಂತೆ ನಿಂತಿತು. ಬೆಸುಗೆಯ ಮೇಲೆ ಕೈಯಾಡಿಸಿದ. ಆಹಾ, ಏನು ನುಣುಪು! ಮದುವೆಯ ದಿನವೂ ಅವನಿಗೆ ಇಷ್ಟು ಸಂತೋಷ ಆಗಿರಲಿಲ್ಲ.

ಶರಣವ್ವ ಬಂದಳು. ಎಲ್ಲರೂ ಸೇರಿ ಸ್ಟ್ಯಾಂಡನ್ನು ಎತ್ತಿದರು. ನೆಟ್ಟಗೆ ಹಿಡಿದರು, ಅಡ್ಡ ಮಲಗಿಸಿದರು, ಓರೆ ಮಾಡಿದರು. ಊಹೂಂ, ಅದು ಶೆಡ್ಡಿನ ಬಾಗಿಲು ದಾಟಲೊಲ್ಲದು.

"ಕೊಯ್ಯಬೇಕಾತು," ಗುರುಪಾದನಿಗೆ ಅಳುವೇ ಬಂತು.

"ಮುಟ್ಟಿ ನೋಡು, ತೋರಸ್ತೇನಿ!" ತಂಗಿ ಗದರಿದಳು. "ಹೊರಗ ಜಿಟಿಜಿಟಿ ಮಳಿ. ಇಲ್ಲೇ ಛಲೋ ಐತಿ. ವೈನಿ, ಉಂಡಿ ತರ್ರಿ!"

ಹಗ್ಗ ಬಿತ್ತು. ಓಣಿಯ ಹೆಂಗಸರೆಲ್ಲ ಒಳಗೆ ನುಗ್ಗಿದರು. ಜೀಕುವಾಗ ಬಡಿಯುತ್ತವೆಂದು ನಾಗರತ್ನಾ ಮಷೀನು, ಸಿಲಿಂಡರು, ಸುತ್ತಿಗೆ, ಇಕ್ಕಳ ಎಲ್ಲವನ್ನೂ ಹೊರಗೆ ಸಾಗಿಸಿದಳು. ಶರಣವ್ವ ಮುಗಿಲು ಮುಟ್ಟುವಂತೆ ನಗುತ್ತ ಜೀಕಿದಳು. ಇನ್ನು ಪ್ರತಿ ವರ್ಷ ಬರುವುದಾಗಿ ಮಾತೂ ಕೊಟ್ಟಳು. ಅದನ್ನು ಕೇಳಿ ಗುರುಪಾದನ ಹೊಟ್ಟೆ ತಣ್ಣಗಾಯಿತು.

ಮಷೀನಿಗೆ ಹೊದಿಸಲು ತಾಡಪತ್ರಿ ತರೋಣವೆಂದು ಅವನು ಒಳಗೆ ಕಾಲಿಟ್ಟ. ನಾಗರತ್ನಾ ಬಾಗಿಲಿಗೆ ಅಡ್ಡ ನಿಂತಳು.

"ಅಲ್ಲೇ ನಿಲ್ರಿ! ಇದು ಇನ್ನ ಜೋಕಾಲಿ ಖೋಲಿ. ಬೂಟ್ ಹೊರಗ ಬಿಟ್ಟು, ಕೇಳಿ ಒಳಗ ಬರ್ಬೇಕು."