ಅವ್ವನ ರಂಗೋಲಿ, ಗುಂಡನ ಅವಸರ

ನಮ್ಮ ಮನೆಯಲ್ಲಿ ಒಂದನ್ನು ಕಲಿಸಲು ಹೊರಟರೆ ಕಲಿಯುವವರು ಇನ್ನೊಂದನ್ನು ಕಲಿತು ಕೂರುತ್ತಾರೆ. ಮೊದಲಿನಿಂದಲೂ ಹೀಗೇ. ಅವ್ವನಿಗೆ ಮೊಬೈಲ್ ಕಲಿಸಿದೆ. ಅವಳು ನನ್ನ ಕರೆ ಕಟ್ ಮಾಡುವುದನ್ನಷ್ಟೇ ಕಲಿತಳು. ನಾಯಿಮರಿಯ ವಿಷಯದಲ್ಲಿ ಆದದ್ದೂ ಅದೇ. ಈಗ ನೆನೆದರೆ ನಗು ಬರುತ್ತದೆ.

ಕರಾರು

ತಾಂಡವಪುರದ ಹತ್ತಿರ ನಾನು ಕೆಲಸ ಮಾಡುವ ಫ್ಯಾಕ್ಟರಿಯ ಗೇಟಿನಲ್ಲಿ ಬೀದಿನಾಯಿಯೊಂದು ಮರಿ ಹಾಕಿತ್ತು. ಒಂದು ಮರಿಯನ್ನು ಊಟದ ಬ್ಯಾಗಿನಲ್ಲಿ ಕೂರಿಸಿಕೊಂಡು ನಂಜನಗೂಡಿನ ಮನೆಗೆ ತಂದೆ. ಗುಂಡ ಎಂದು ಹೆಸರಿಟ್ಟೆ. ಅವ್ವ ಬಾಗಿಲಲ್ಲೇ ತಡೆದಳು.

"ಲಿಂಗಪೂಜೆ ಮಾಡೋ ಮನೆ ಕಣ್ಲಾ ಇದು. ಗೌರಿ ಅಬ್ಬದೊಳಗೆ ಎಲ್ಲಾನೂ ಆಚೆ ಮಾಡೋದ ಕಲೀಬೇಕು. ಕಲೀನಿಲ್ಲ ಅಂದ್ರೆ ಸೋಸಲೆಗೆ ಕಳುಸ್ಬುಡು."

ಟಿ. ನರಸೀಪುರದ ಪಕ್ಕದ ಸೋಸಲೆ ನನ್ನ ಹೆಂಡತಿಯ ತಮ್ಮನ ಊರು. ಅಲ್ಲಿಗೆ ಹೋದರೆ ಮರಿ ನಮ್ಮ ಕೈಬಿಟ್ಟಂತೆಯೇ. ಬೇರೆ ದಾರಿಯಿಲ್ಲದೆ ಕರಾರಿಗೆ ಒಪ್ಪಿದೆ. ಗುಂಡನೂ ಒಪ್ಪಿ, ಅವ್ವನ ಕಾಲ ಬಳಿಯೇ ಒಂದು ಸಣ್ಣ ರುಜು ಹಾಕಿದ.

ಗೋಣಿಚೀಲ

ಮರಿಗೆ ಮೊದಲು ಒಂದು ಜಾಗ ಗುರುತು ಮಾಡಿಕೊಡಬೇಕು, ಆಮೇಲೆ ಅದನ್ನು ದಿನಾ ಚೂರುಚೂರು ಬಾಗಿಲ ಕಡೆಗೆ ಸರಿಸಬೇಕು ಎಂದು ಮೊಬೈಲಿನಲ್ಲಿ ಯಾರೋ ಹೇಳುತ್ತಿದ್ದರು. ನಡುಮನೆಯ ಮೂಲೆಯಲ್ಲಿ ಒಂದು ಹಳೇ ಗೋಣಿಚೀಲ ಹಾಸಿದೆ. ಗುಂಡ ಬಲು ಬೇಗ ಕಲಿತ. ನಾನು ಎದೆಯುಬ್ಬಿಸಿ ಓಡಾಡಿದೆ.

ಆದರೆ ನಮ್ಮ ಬೀದಿಯಲ್ಲಿ ಕಾಲೊರೆಸಲು ಎಲ್ಲರ ಬಾಗಿಲಲ್ಲೂ ಗೋಣಿಚೀಲವೇ ಇರುವುದು. ಅದು ನನಗೆ ಹೊಳೆಯಲೇ ಇಲ್ಲ. ಒಂದು ಸಂಜೆ ಎದುರುಮನೆಯ ರಿಟೈರ್ಡ್ ಟೀಚರಮ್ಮ ಗುಂಡನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದರು.

"ಚೀಲದ ಮೇಲೆ ನಾಲ್ಕೂ ಕಾಲು ಒರೆಸ್ಕೊಂಡ. ಎಂಥಾ ಸಂಸ್ಕಾರ ಕಲ್ಸಿದೀರ ಅಂತ ಹೊಗಳ್ತಾ ನಿಂತಿದ್ದೆ," ಎಂದರು. "ಆಮೇಲೆ ಕೂತ್ಕೊಂಡ."

ರಂಗೋಲಿ

ಚೀಲಕ್ಕೆ ವಿದಾಯ ಹೇಳಿ, ಬೆಳಗ್ಗೆ ಎದ್ದ ಕೂಡಲೇ ಗುಂಡನನ್ನು ಬಾಗಿಲ ಮುಂದಿನ ಅಂಗಳಕ್ಕೆ ಬಿಡತೊಡಗಿದೆ. ಅವ್ವ ಸಗಣಿ ನೀರು ಹಾಕಿ, ಸಾರಿಸಿ, ರಂಗೋಲಿ ಬಿಡುವ ಹೊತ್ತೂ ಅದೇ. ಗುಂಡ ಅತ್ತಿತ್ತ ಮೂಸಿ ಕೂರುವುದು, ಅವ್ವ "ಏಯ್, ಇಲ್ಲಲ್ಲ ಕಣ್ಲಾ!" ಎಂದು ಗದರುವುದು, ಅವನು ಬೆಚ್ಚಿ ಒಳಗೆ ಓಡಿ ಟಿವಿ ಮೇಜಿನ ಕೆಳಗೆ ಮಿಕ್ಕಿದ್ದನ್ನು ಮುಗಿಸುವುದು. ದಿನಾ ಇದೇ ಆಯಿತು.

ಕಪಿಲೆಯ ದಂಡೆಗೆ ಕರೆದುಕೊಂಡು ಹೋಗಿ ನೋಡಿದೆ. ಒಂದು ಮರ ಬಿಡದೆ ಮೂಸಿದ, ಎಲ್ಲೂ ಕೂರಲಿಲ್ಲ. ಮನೆಗೆ ಬಂದವನೇ ಸೀದಾ ಟಿವಿ ಮೇಜಿನ ಕೆಳಗೆ ಹೋದ.

ಹೆಂಡತಿ ಬಟ್ಟೆ ಹಿಡಿದುಕೊಂಡು ಬಂದಳು. "ನಿಮ್ ತರಾನೇ ಕಣ್ರೀ. ಊರೆಲ್ಲಾ ಸುತ್ಕೊಂಡು ಬಂದ್ಮೇಲೇ ಕೆಲ್ಸ ಗ್ಯಾಪ್ಕ ಬರಾದು."

ಪಾದಪೂಜೆ

ಶ್ರಾವಣದ ಕಡೇ ಸೋಮವಾರ ಮಠದ ಅಯ್ಯನವರು ಪಾದಪೂಜೆಗೆ ಬರುವವರಿದ್ದರು. ಅವರು ಕೂರಲೆಂದು ಅವ್ವ ಬದನವಾಳಿನ ಬಿಳೀ ಖಾದಿ ಬಟ್ಟೆಯನ್ನು ತೊಳೆದು ಮಡಿಯಲ್ಲಿ ಒಣಗಿಸಿ ನಡುಮನೆಯಲ್ಲಿ ಹಾಸಿದಳು. ಅದು ಗೋಣಿಚೀಲ ಹಾಸುತ್ತಿದ್ದ ಮೂಲೆಯೇ. ಗುಂಡನನ್ನು ಹಿತ್ತಿಲಲ್ಲಿ ಕಟ್ಟಿದ್ದೆ. ಹಗ್ಗ ಬಿಡಿಸಿಕೊಂಡು ಬಂದ. ಅಯ್ಯನವರು ಹೊಸಿಲು ದಾಟುತ್ತಿದ್ದಂತೆ ಅವರ ಕಣ್ಣೆದುರೇ ಬಟ್ಟೆಯ ನಟ್ಟನಡುವೆ ಕೂತು ನೆನೆಸಿದ.

ಅಯ್ಯನವರು ನಿಂತಲ್ಲೇ ನಿಂತು, "ನೀರು ಬಿಟ್ಟಾಯ್ತಲ್ಲ ತಾಯಿ, ಇನ್ ಪೂಜೆ ಸುರು ಮಾಡಿ," ಎಂದರು.

ಅವರು ನಕ್ಕರು, ಅವ್ವ ನಗಲಿಲ್ಲ. ಮಾರನೇ ದಿನ ನಾನೇ ಗುಂಡನನ್ನು ಸೋಸಲೆಗೆ ಬಿಟ್ಟುಬಂದೆ. ಬರುವಾಗ ಬ್ಯಾಗು ಹಗುರವಾಗಿತ್ತು, ನನಗೆ ಅಳು ಬಂತು.

ಆಮೇಲೆ ಮನೆ ಚೊಕ್ಕಟವಾಯಿತು. ಅವ್ವ ಮಾತ್ರ ಬೆಳಗ್ಗೆ ಎದ್ದು ಟಿವಿ ಮೇಜಿನ ಕೆಳಗೆ ಬಗ್ಗಿ ನೋಡುತ್ತಿದ್ದಳು. ಏನು ಹುಡುಕ್ತಿದೀಯ ಎಂದು ಕೇಳಿದೆ.

"ಏನೂ ಇಲ್ಲ ಕಣ್ಲಾ. ಇಂಗಿದ್ರೆ ಬೆಳಬೆಳಗ್ಗೆ ಯಾರ್‌ನ ಬಯ್ಯಾದು?"

ಸೋಸಲೆ

ಸಂಕ್ರಾಂತಿ ಕಳೆದ ಮೇಲೆ ಅವ್ವನೇ ನಮ್ಮನ್ನು ಸೋಸಲೆಗೆ ಹೊರಡಿಸಿದಳು. ಅವಳ ಕೈಚೀಲದಲ್ಲಿ ಎಳ್ಳುಬೆಲ್ಲದ ಕೆಳಗೆ ನಾಯಿಗೆ ಕಟ್ಟುವ ಹೊಸ ಕೆಂಪು ಬೆಲ್ಟ್ ಇತ್ತು.

ಭಾವಮೈದ ಅಂಗಳದಲ್ಲೇ ಎದುರಾದ. ಗುಂಡ ಬೆಳೆದು ದೊಡ್ಡವನಾಗಿದ್ದ, ಬೇಲಿಯ ಹತ್ತಿರ ಮೂಸುತ್ತಿದ್ದ.

"ಒಂದಿನಾನೂ ಮನೆ ಒಳಗ್ ಮಾಡ್ನಿಲ್ಲ ಬಾವ," ಎಂದ ಭಾವಮೈದ. "ನಾವೇನೂ ಕಲಿಸ್ನಿಲ್ಲ. ಅದರ ಪಾಡಿಗೆ ಅದೇ ಬೇಲಿ ತಾವ್ ಓಯ್ತದೆ. ನೋಡಿ, ಈಗ್ಲೂ."

ಗುಂಡ ಕಾಲೆತ್ತಿದ. ಅವ್ವನಿಗೆ ಖುಷಿ ತಡೆಯಲಾಗಲಿಲ್ಲ. "ಏಯ್ ಗುಂಡ, ಇಲ್ಲಿ ನೋಡ್ ಕಣ್ಲಾ," ಎಂದು ಕೂಗಿದಳು.

ಎತ್ತಿದ ಕಾಲು ಎತ್ತಿದಂತೆಯೇ ಗುಂಡ ತಿರುಗಿ ನೋಡಿದ. ದನಿ ಗುರುತು ಸಿಕ್ಕಿತು. ಬಾಲ ಆಡಿತು, ಕಿವಿ ಮಲಗಿದವು. ಕಾಲಿಳಿಸಿ, ನಮ್ಮೆಲ್ಲರ ನಡುವೆ ನುಗ್ಗಿ, ಮನೆಯೊಳಗೆ ಓಡಿ, ಭಾವಮೈದನ ಟಿವಿ ಮೇಜಿನ ಕೆಳಗೆ ಪೂರ್ತಿಯಾಗಿ ಮುಗಿಸಿದ. ಮುಗಿಸಿ ಬಂದು ಅವ್ವನ ಕಾಲ ಬಳಿ ಕೂತು, ಸರಿಯಾಗಿ ಮಾಡಿದೆನಾ ಎಂಬಂತೆ ಮುಖ ನೋಡಿದ.

ಆಗ ತಿಳಿಯಿತು. ಅವ್ವ ಕಾಪಾಡುತ್ತಿದ್ದದ್ದು ರಂಗೋಲಿಯನ್ನು. ಗುಂಡನಿಗೆ ತಿಳಿದದ್ದು ಆಚೆ ಮಾಡುವುದೇ ತಪ್ಪು ಎಂದು. ಪಾಪದ್ದು, ಅವ್ವನ ಮಾತು ಮೀರಬಾರದೆಂದೇ ದಿನಾ ಒಳಗೆ ಓಡುತ್ತಿತ್ತು.

ಭಾವಮೈದನ ಹೆಂಡತಿ ತಂದ ಬಟ್ಟೆಯನ್ನು ಅವ್ವ ಕಿತ್ತುಕೊಂಡು ತಾನೇ ಒರೆಸಿದಳು. ಒರೆಸುತ್ತಾ ಅತ್ತಳು. ಆಮೇಲೆ ಕೆಂಪು ಬೆಲ್ಟ್ ತೆಗೆದು ಗುಂಡನ ಕೊರಳಿಗೆ ಕಟ್ಟಿದಳು. ಕರೆದುಕೊಂಡು ಹೋಗೋಣ ಎನ್ನುತ್ತಾಳೆಂದು ನಾನು ಕಾಯುತ್ತಿದ್ದೆ.

"ಇಲ್ಲೇ ಇರ್ಲಿ ಬುಡ್ಲಾ," ಎಂದಳು ಅವ್ವ. "ನಾನೇಳ್ಕೊಟ್ಟಿದ್ದ ಇಷ್ಟು ಚೆಂದಾಗಿ ಕಲ್ತವ್ನೆ. ನಮ್ಮನೆಗೆ ಬಂದ್ರೆ ಒಂದಿನಾನೂ ತಪ್ಪುಸಾಕಿಲ್ಲ."