ನನ್ನ ಬೆನ್ನು, ಬೀಗಿತ್ತಿಯ ಬೂದುಗುಂಬಳ

ಒಬ್ಬರಿಗೆ ಜ್ವರ ಬಂದರೆ ಅದು ಅವರ ಜ್ವರ. ಬೆನ್ನುನೋವು ಬಂದರೆ ಮಾತ್ರ ಅದು ಊರವರೆಲ್ಲರ ಸೊತ್ತು. ಇಂಥವು ನನಗೆ ವಾರಕ್ಕೊಂದರಂತೆ ನಡೆದಿವೆ. ನಡೆದದ್ದನ್ನು ಆವತ್ತೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಆದ್ದರಿಂದ ಹಾಗಲ್ಲ ಹೀಗೆ ಎಂದು ಯಾರೂ ತಿದ್ದಲು ಬರಬೇಕಾಗಿಲ್ಲ.

ವಯನಾಡು ಬೇರೆ ಜಿಲ್ಲೆಯಾದ ಹೊಸತು. ತೋಲ್ಪೆಟ್ಟಿಯಲ್ಲಿ ಮುಂದೆ ನಮ್ಮವರ ಮೆಣಸು-ದಿನಸಿಯ ಅಂಗಡಿ, ಹಿಂದೆ ಮನೆ. ಎರಡು ವರ್ಷದಿಂದ ನನ್ನ ಬೆನ್ನು ಹಿಡಿದಿತ್ತು. ಹಲಗೆಯ ಮೇಲೆ ಮಲಗಿ ಎಂದರು, ಮಲಗಿದೆ. ಒಂದು ತಿಂಗಳು ಮಲಗಿದ ಮೇಲೆ ಏಳುವುದೇ ಕಷ್ಟವಾಯಿತು. ಆಗ ಎಚ್.ಡಿ. ಕೋಟೆಯಿಂದ ಬೀಗಿತ್ತಿಯ ಕಾಗದ ಬಂತು. ನನ್ನ ಮಗಳು ಅವರ ಸೊಸೆ, ಐದು ತಿಂಗಳ ಬಸುರಿ. 'ನಿಮಗೆ ಬೆನ್ನು ಸರಿಯಿಲ್ಲವಂತೆ. ಚೊಚ್ಚಲ ಬಾಣಂತನ ಇಲ್ಲೇ ಆಗಲಿ. ನೀವು ಬಂದು ನೋಡಿಕೊಂಡು ಹೋದರೆ ಸಾಕು.'

ಚೊಚ್ಚಲ ಬಾಣಂತನ ತವರಿನದು. ಬಂದು ನೋಡಿಕೊಂಡು ಹೋಗಲು ನಾನೇನು ಪಕ್ಕದ ಮನೆಯವಳೆ? ಮೈಸೂರಿನಲ್ಲಿ ಬಿ.ಎ. ಮುಗಿಸಿದವಳು, ನಾಲ್ಕು ಸಾಲಿನ ಉತ್ತರ ಬರೆಯಲು ಯಾರನ್ನೂ ಕೇಳಬೇಕಾಗಿಲ್ಲ. 'ಏಳನೆಯ ತಿಂಗಳ ಹೊತ್ತಿಗೆ ಸರಿಹೋಗುತ್ತೇನೆ, ಬಂದು ಪರೀಕ್ಷಿಸಬಹುದು' ಎಂದು ಬರೆದುಬಿಟ್ಟೆ. ಬರೆದು ಅಂಚೆಗೆ ಹಾಕಿದ ಮೇಲೆ ಭಯವಾಯಿತು.

ಮಾನಂದವಾಡಿಯಲ್ಲಿ ಫಿಸಿಯೋಥೆರಪಿಯ ಹುಡುಗಿಯೊಬ್ಬಳು ಹೊಸದಾಗಿ ಬಂದಿದ್ದಳು. ನನ್ನನ್ನು ಬಗ್ಗಿಸಿ, ತಿರುಗಿಸಿ, ನಡೆಸಿ ನೋಡಿ ಮಲಯಾಳದಲ್ಲಿ ಹೇಳಿದಳು: "ಅಮ್ಮೇ, ನೋವು ಪೂರ್ತಿ ಹೋದಮೇಲೆ ಏಳುತ್ತೇನೆ ಅಂತ ಕೂತರೆ ಕೂತೇ ಇರುತ್ತೀರಿ. ನೋವಿದ್ದರೂ ದಿನಾ ಸ್ವಲ್ಪ ಸ್ವಲ್ಪ ಮಾಡಿ. ಹೆಚ್ಚೂ ಬೇಡ, ಕಡಿಮೆಯೂ ಬೇಡ." ಹೇಳುವುದಕ್ಕೇನು, ಅವಳೇನು ನಮ್ಮ ಊರಿನಲ್ಲಿ ಇರಬೇಕಿತ್ತೆ?

ಲಾಭ, ಎರಡು, ಮೂರು

ಮೊದಲ ವ್ಯಾಯಾಮ: ಚಾಪೆಯ ಮೇಲೆ ಅಂಗಾತ ಮಲಗಿ ಒಂದೊಂದೇ ಕಾಲನ್ನು ಎತ್ತಿ, ಹತ್ತು ಎಣಿಸುವವರೆಗೆ ಹಿಡಿದು ಇಳಿಸಬೇಕು. ಎಣಿಸಲು ನಮ್ಮವರೇ ಮುಂದೆ ಬಂದರು. ಅಂಗಡಿಗೂ ಮನೆಗೂ ನಡುವಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತರು.

"ಎತ್ತು. ಲಾಭ, ಎರಡು, ಮೂರು..."

ಮೂವತ್ತು ವರ್ಷ ಮೆಣಸು ಅಳೆದ ಬಾಯಿ. ಮೊದಲ ಅಳತೆಗೆ ಒಂದು ಎನ್ನುವ ಅಭ್ಯಾಸವೇ ಇಲ್ಲ. ಆಗಲಿ, ಲಾಭವೋ ಒಂದೋ, ಕಾಲಿಗೆ ಏನು ಗೊತ್ತು ಎಂದುಕೊಂಡೆ. ಆರಕ್ಕೆ ಬರುವಾಗ ಗಿರಾಕಿ ಬಂದ. ಬೆಲ್ಲ ಎಷ್ಟು, ಹೊಸದೋ ಹಳೆಯದೋ, ಮಗಳ ಮದುವೆ ಯಾವಾಗ, ಎಲ್ಲ ಮಾತೂ ಆಯಿತು. ನನ್ನ ಕಾಲು ಮೇಲೇ ಇತ್ತು.

"ರೀ, ಎಷ್ಟಾಯಿತು?"

"ಲೆಕ್ಕ ತಪ್ಪಿತು ಕಣೆ. ಲೆಕ್ಕ ತಪ್ಪಿದರೆ ಸುರಿದು ಮೊದಲಿಂದ ಅಳೀಬೇಕು. ಲಾಭ, ಎರಡು..."

ಹೀಗೆ ಮೂರು ಗಿರಾಕಿಗಳು. ಕೊನೆಗೆ ಹತ್ತು ಮುಟ್ಟಿತು. ಕಾಲು ಇಳಿಸಲು ಹೋದೆ.

"ತಾಳು, ತಾಳು" ಎಂದರು. "ಹತ್ತಾದಮೇಲೆ ಕೊಸರು ಹಾಕದಿದ್ದರೆ ಹೇಗೆ?"

ಸುಮ್ಮನೆ ನಡೆಯುವವಳು

ಎರಡನೆಯದು ನಡಿಗೆ. ಮೊದಲ ವಾರ ಹತ್ತು ನಿಮಿಷ, ಆಮೇಲೆ ವಾರಕ್ಕೆ ಐದೈದು ನಿಮಿಷ ಹೆಚ್ಚು. ಆನೆ ದಾಟುವ ಹೊತ್ತು ಬಿಟ್ಟು, ಬೆಳಿಗ್ಗೆ ಒಂಬತ್ತಕ್ಕೆ ರಸ್ತೆಗಿಳಿದೆ.

ಕೆಲಸವಿಲ್ಲದೆ ನಡೆಯುವ ಹೆಂಗಸನ್ನು ನಮ್ಮ ಊರು ಅದುವರೆಗೆ ಕಂಡಿರಲಿಲ್ಲ. ಎಲ್ಲಿಗೆ ಎಂದು ಎಲ್ಲರೂ ಕೇಳಿದರು. ಎಲ್ಲಿಗೂ ಇಲ್ಲ ಎಂದರೆ ಯಾರೂ ನಂಬಲಿಲ್ಲ. ಎರಡನೆಯ ದಿನ ಪರಿಚಯದ ಜೀಪಿನವನು ಗಕ್ಕನೆ ನಿಲ್ಲಿಸಿದ.

"ಚೇಚ್ಚೀ, ಹತ್ತಿ."

"ಬೇಡಪ್ಪ, ನಾನು ನಡೆಯಬೇಕು."

"ಜಾಗ ಇದೆ ಚೇಚ್ಚೀ, ಇವರು ಸರಿದು ಕೂರ್ತಾರೆ."

"ಜಾಗದ ಮಾತಲ್ಲ. ನಡೆಯೋದೇ ಔಷಧಿ."

ಅವನು ಯೋಚಿಸಿದ. ಗುರುತಿನ ಮನೆಯ ಹೆಂಗಸನ್ನು ರಸ್ತೆಯಲ್ಲಿ ಬಿಟ್ಟುಹೋದರೆ ನಾಳೆ ನಮ್ಮ ಅಂಗಡಿಗೆ ಯಾವ ಮುಖ ಹೊತ್ತು ಬರುವುದು? "ಹಾಗಾದ್ರೆ ನೀವು ನಡೀರಿ, ನಾನೂ ಜೊತೆಗೆ ಬರ್ತೀನಿ" ಎಂದ. ನಾನು ಮುಂದೆ, ಹತ್ತು ಜನ ತುಂಬಿದ ಜೀಪು ಹಿಂದೆ, ಮೊದಲ ಗೇರಿನಲ್ಲಿ ಗೊರಗೊರ ಎನ್ನುತ್ತಾ. ಒಳಗಿದ್ದ ಮುದುಕಿ ತಲೆ ಹೊರಗೆ ಹಾಕಿ, "ನೋವು ಬಲಗಡೆಯೋ ಎಡಗಡೆಯೋ?" ಎಂದು ವಿಚಾರಿಸಿದರು. ಇನ್ನೊಬ್ಬ, "ಬೇಗ ಬೇಗ ಹೆಜ್ಜೆ ಹಾಕಮ್ಮ, ನನಗೆ ಕೋರ್ಟಿದೆ" ಎಂದ.

ಸಂಜೆ ಅಂಗಡಿಯಲ್ಲಿ ನಾಲ್ಕು ಜನ ನಮ್ಮವರ ಕಿವಿಯ ಹತ್ತಿರ ಬಂದು ಕೇಳಿದರಂತೆ, "ಮನೇಲಿ ಏನಾದ್ರೂ ಜಗಳವಾ?" ಇವರು ಹೆದರಿ, "ನಾಳೆಯಿಂದ ಒಂದು ಚೀಲ ಹಿಡಕೊಂಡು ಹೋಗು, ಏನೋ ಕೆಲಸಕ್ಕೆ ಹೊರಟ ಹಾಗೆ ಕಾಣಲಿ" ಎಂದರು. ಹಿಡಿದುಕೊಂಡು ಹೋದೆ. ಭಾರ ಎತ್ತಬೇಡಿ ಎಂದು ಆ ಹುಡುಗಿ ಕೈಮುಗಿದು ಹೇಳಿದ್ದಳು. ಆ ದಿನ ನಾನು ಬರೆದಿಟ್ಟದ್ದು: ನಡೆದದ್ದು ಹತ್ತು ನಿಮಿಷ. ಖಾಲಿ ಚೀಲ ನೋಡಿ ಊರವರು ಅದರಲ್ಲಿ ಹಾಕಿ ಕಳಿಸಿದ್ದು ನಾಲ್ಕು ತೆಂಗಿನಕಾಯಿ, ಒಂದು ಹಲಸಿನಕಾಯಿ.

ಆಶಾರಿಯ ಅಳತೆ

ನೆಲದ ಮೇಲೆ ಕೂತು ಈಳಿಗೆಮಣೆಯಲ್ಲಿ ಹೆಚ್ಚುವುದು, ಬಗ್ಗಿ ರುಬ್ಬುವುದು ಎಲ್ಲ ಬಿಡಿ, ಕೆಲಸವನ್ನು ಮೊಣಕೈ ಎತ್ತರಕ್ಕೆ ತನ್ನಿ ಎಂದಳು ಆ ಹುಡುಗಿ. ಅಡುಗೆಮನೆಗೊಂದು ಮೇಜು ಮಾಡಿಸಲು ಆಶಾರಿಯನ್ನು ಕರೆಸಿದೆವು. ಒಳ್ಳೆಯ ಬಡಗಿ, ಕಣ್ಣಳತೆಯಲ್ಲಿ ನೂಲಿನಷ್ಟೂ ತಪ್ಪುವವನಲ್ಲ. ನನ್ನನ್ನು ನಿಲ್ಲಿಸಿ, ಮೊಣಕೈಗೆ ಕೋಲು ಹಿಡಿದು, ಗುರುತು ಹಾಕಿಕೊಂಡು ಹೋದ. ಮೂರು ವಾರಕ್ಕೆ ಮೇಜು ಬಂತು. ಅದರ ಮುಂದೆ ನಿಂತು ಸೌತೆಕಾಯಿ ಹೆಚ್ಚಲು ಹೋದರೆ ಅರ್ಧಕ್ಕೆ ಬಗ್ಗಬೇಕು!

"ಇದೇನಪ್ಪ, ಇಷ್ಟು ಗಿಡ್ಡ?"

ಅವನು ಕೋಲು ತಂದು ಮೇಜಿಗೆ ಹಿಡಿದ. ಗುರುತು ಸರಿಯಾಗಿತ್ತು. ನನಗೆ ಹಿಡಿದ. ನಾಲ್ಕು ಬೆರಳು ವ್ಯತ್ಯಾಸ. ನನ್ನನ್ನೇ ಅಪರಾಧಿಯ ಹಾಗೆ ನೋಡಿದ.

"ಆವತ್ತು ನೀವು ನಿಂತಿದ್ದ ಹಾಗೆ ತಾನೇ ಅಮ್ಮ ನಾನು ಅಳತೆ ತಗೊಂಡಿದ್ದು?"

"ಆವತ್ತು ನೋವಿತ್ತು, ಬಗ್ಗಿದ್ದೆ!"

"ಎರಡು ವರ್ಷದಿಂದ ನಿಮ್ಮನ್ನ ಹಾಗೇ ನೋಡಿದೀನಿ. ಅದೇ ನಿಮ್ಮ ಎತ್ತರ ಅಂದುಕೊಂಡಿದ್ದೆ." ನಾಲ್ಕು ಕಾಲಿಗೂ ನಾಲ್ಕು ಮರದ ತುಂಡು ಬಡಿದುಕೊಟ್ಟು, ಹೋಗುವಾಗ ಎಚ್ಚರಿಸಿದ: "ಇನ್ನು ಮೇಲೆ ನೆಟ್ಟಗಾಗಬೇಡಿ. ಇದಕ್ಕಿಂತ ದಪ್ಪದ ತುಂಡು ನನ್ನ ಹತ್ತಿರ ಇಲ್ಲ."

ಪರೀಕ್ಷೆಗೆ ಬಂದವರು

ಹೇಳಿದ ಮಾತಿನಂತೆ ಏಳನೆಯ ತಿಂಗಳಿಗೆ ಬೀಗಿತ್ತಿ ಬಂದಿಳಿದರು. ನನಗಿಂತ ಆರು ವರ್ಷ ಹಿರಿಯರು, ಹನ್ನೊಂದು ಬಾಣಂತನ ಮಾಡಿದ ಕೈ. ನನಗೆ ನೋವು ಪೂರ್ತಿ ಹೋಗಿರಲಿಲ್ಲ, ಇಂದಿಗೂ ಹೋಗಿಲ್ಲ. ಆದರೆ ನಡೆಯುತ್ತಿದ್ದೆ, ಕೂತು ಏಳುತ್ತಿದ್ದೆ.

ಕಾಫಿ ಮುಗಿಯುವುದರೊಳಗೆ ಅವರು ಎಲೆಯಡಿಕೆ ಡಬ್ಬಿಯ ಮುಚ್ಚಳವನ್ನು ಬೇಕೆಂದೇ ಕೆಳಗೆ ಬೀಳಿಸಿದರು. ನಾನು ಕಲಿತ ಹಾಗೆ, ಬೆನ್ನು ನೆಟ್ಟಗಿಟ್ಟು ಮಂಡಿ ಮಡಚಿ ಕುಕ್ಕುರುಕೂತು ಎತ್ತಿಕೊಟ್ಟೆ.

"ಇದೇನ್ ಬೀಗ್ರೆ, ಕೋಳಿ ಮೊಟ್ಟೆಗೆ ಕೂತ ಹಾಗೆ! ಕೂಸು ಜಾರಿದ್ರೆ ಅಷ್ಟೊತ್ತು ಕಾಯುತ್ತಾ?"

"ಜಾರದ ಹಾಗೆ ಹಿಡಕೋತೀನಿ."

"ಎಲ್ಲಿ ಕೂತು ನೀರು ಹಾಕ್ತೀರಿ?"

ಬಚ್ಚಲುಮನೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಗೋಡೆಗೆ ಒರಗಿಸಿದ ಎತ್ತರದ ಮಣೆ, ನೀರಿಗೆ ದೊಡ್ಡ ಬಿಂದಿಗೆಯ ಬದಲು ಸಣ್ಣ ಸಣ್ಣ ಚೊಂಬು. ಬೀಗಿತ್ತಿ ತುಟಿ ಸೊಟ್ಟ ಮಾಡಿದರು. "ಓದಿದವರ ಬಾಣಂತನ! ಸರೀರಿ, ನಾನು ತೋರಿಸ್ತೀನಿ."

ಸೆರಗು ಸಿಕ್ಕಿಸಿ, ಬರೀ ನೆಲದ ಮೇಲೆ ಕಾಲು ನೀಡಿ ಕೂತರು. ಕೂಸಿನ ಬದಲಿಗೆ ಅಡುಗೆಮನೆಯ ಮೂಲೆಯಲ್ಲಿದ್ದ ಬೂದುಗುಂಬಳಕಾಯಿ ತರಿಸಿ ನೀಡಿದ ಕಾಲುಗಳ ಮೇಲೆ ಮಲಗಿಸಿಕೊಂಡರು. ಎಣ್ಣೆ ತೀಡಿದರು, ಮೂಗು ತಿದ್ದಿದರು, ಬೋರಲು ಹಾಕಿ ಬೆನ್ನು ತಟ್ಟಿದರು. ಸೊಗಸಾಗಿತ್ತು, ಸುಳ್ಳು ಹೇಳಲಾರೆ. ಕೊನೆಗೆ ಕಾಯನ್ನು ಎತ್ತಿ ನನ್ನ ಕೈಗೆ ಕೊಡಲು ಮುಂದಕ್ಕೆ ಬಾಗಿದವರು ಹಾಗೇ ಉಳಿದುಬಿಟ್ಟರು.

"ಕೊಡಿ" ಎಂದೆ.

"ತಗೊಳ್ಳಿ" ಎಂದರು, ಸಣ್ಣ ಸ್ವರದಲ್ಲಿ. "ಮೊದಲು ಕೂಸನ್ನ ತಗೊಳ್ಳಿ. ಆಮೇಲೆ ನನ್ನನ್ನ."

ನಮ್ಮವರು ಓಡಿಬಂದರು. ಆದರೆ ಬೀಗಿತ್ತಿಯನ್ನು ಬೀಗರು ಮುಟ್ಟುವುದುಂಟೆ? ಬಾಗಿಲ ಹೊರಗೆ ಗೋಡೆಗೆ ಮುಖ ಮಾಡಿ ನಿಂತು, "ಎದ್ದರಾ? ಎದ್ದರಾ?" ಎಂದು ಕೇಳುತ್ತಿದ್ದರು. ಎಳೆಯಲು ನಾನು ಹೋಗಲಿಲ್ಲ. ಪಕ್ಕಕ್ಕೆ ಹೊರಳಿ, ಮಂಡಿಯೂರಿ, ಎರಡು ಕೈ ಮಣೆಯ ಮೇಲಿಡಿ, ಈಗ ಒಂದು ಕಾಲು ಮುಂದಕ್ಕೆ ಎಂದು ಹೇಳಿಹೇಳಿ ಎಬ್ಬಿಸಿದೆ. ಕಾಲು ಗಂಟೆ ಹಿಡಿಯಿತು. ಎದ್ದವರು ನೆಟ್ಟಗಾಗಲಿಲ್ಲ.

ಮರುದಿನ ಮಾನಂದವಾಡಿಗೆ ಕರೆದುಕೊಂಡು ಹೋದೆ. ಬೀಗಿತ್ತಿಗೆ ಮಲಯಾಳ ಬಾರದು, ಆ ಹುಡುಗಿಗೆ ಕನ್ನಡ ಬಾರದು; ನಡುವೆ ನಾನು.

"ವಾಸಿಯಾದ ಮೇಲೆ ಮುಖ್ಯವಾಗಿ ಯಾವ ಕೆಲಸ ಮಾಡಬೇಕು ಅಂತಿದೀರಿ?" ಎಂದು ನನ್ನ ಬಾಯಿಂದ ಕೇಳಿಸಿದಳು.

"ಸೊಸೆ ಬಾಣಂತನ. ಇನ್ನು ಎರಡೇ ತಿಂಗಳು."

ಹುಡುಗಿ ತಲೆಯಾಡಿಸಿದಳು. "ಅಷ್ಟರಲ್ಲಿ ಬಗ್ಗಿ ಕೂಸಿಗೆ ನೀರು ಹಾಕುವುದು ಕಷ್ಟ. ಬೇರೆ ಯಾರೂ ಇಲ್ಲವೆ?"

ನಾನು ಅದನ್ನು ಕನ್ನಡಕ್ಕೆ ತಿರುಗಿಸಿದೆ. ಬೀಗಿತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸೊಂಟ ಹಿಡಿದುಕೊಂಡು ನಿಟ್ಟುಸಿರು ಬಿಟ್ಟರು.

"ಇದಾರೆ ಒಬ್ಬರು. ಜಂಬ ಜಾಸ್ತಿ, ಹೇಳಿದ್ದು ಕೇಳಲ್ಲ, ಕೂಸಿಗೆ ನೀರು ಹಾಕೋ ಮೊದಲೂ ಪುಸ್ತಕ ತೆಗೀತಾರೆ. ಆದರೆ ಅವರೇ ಮಾಡಲಿ, ಅವರ ಮಗಳನ್ನ ಕಳಿಸ್ತೀನಿ."

ಅಷ್ಟು ವರ್ಷಗಳ ದಾಖಲೆಯಲ್ಲಿ ನಾನು ಒಂದಕ್ಷರ ಬಿಟ್ಟವಳಲ್ಲ. ಆ ದಿನ ಮಲಯಾಳಕ್ಕೆ ತಿರುಗಿಸುವಾಗ ಮಾತ್ರ ನಡುವಿನ ವಾಕ್ಯವನ್ನು ಬಿಟ್ಟುಬಿಟ್ಟೆ.