ಹತ್ತಿ ಸೀರೆಯವಳ ಸಿಂಥೆಟಿಕ್ ಎಣ್ಣೆ

ಕಳೆದ ವರ್ಷ, ದೀಪಾವಳಿ ಮುಗಿದ ಮರುವಾರ.

ನಾನು ಗಂಭೀರವಾಗಿ ಕೈಹಾಕಿದ ಕೆಲಸಗಳಿಗೇ ಜನ ನಗುತ್ತಾರೆ. ಇದು ಮೊದಲಿನಿಂದಲೂ ನಡೆದುಬಂದಿದೆ. ಈ ಸಲ ಕೆಲಸ ನನ್ನ ಕಾರಿನದು. ಅದಕ್ಕೆ ಹದಿನೈದು ವರ್ಷ ತುಂಬಿತ್ತು, ಎರಡು ಲಕ್ಷ ಕಿಲೋಮೀಟರು ದಾಟಿತ್ತು. ಸಯನ್‌ನ ಮನೆಯಿಂದ ಕಾಂದಿವಲಿಯ ಕಚೇರಿಗೆ ನಿವೃತ್ತಿಯಾಗುವವರೆಗೂ ಅದನ್ನು ನಾನೇ ಓಡಿಸಿದ್ದೇನೆ. ಅದು ಎಂದೂ ದಾರಿಯಲ್ಲಿ ನಿಂತಿಲ್ಲ. ನಾನು ಎಂದೂ ತಡವಾಗಿ ತಲುಪಿಲ್ಲ. ಇನ್ನು ಮುಂದೆ ಅದು ರಸ್ತೆಗಿಳಿಯಬೇಕಾದರೆ ಸಾರಿಗೆ ಕಚೇರಿಯ ಫಿಟ್‌ನೆಸ್ ತಪಾಸಣೆಯಲ್ಲಿ ಪಾಸಾಗಬೇಕಿತ್ತು.

"ಪಾಸಾಗ್ಲಿಕ್ಕಿಲ್ಲ ಅಕ್ಕ," ಎಂದ ನನ್ನ ತಮ್ಮ. ಅವನಿಗೆ ಹೋಟೆಲ್ ಇದೆ. ಆದ್ದರಿಂದ ಎಲ್ಲ ವಿಷಯಗಳಲ್ಲೂ ಅಭಿಪ್ರಾಯವಿದೆ. "ಆಗದಿದ್ರೆ ಗುಜರಿಗೆ ಕೊಡುವಾ. ಆಮೇಲೆ ನೀವು ಕಾರು ಬಿಡುವುದು ಬೇಡ."

"ಪಾಸಾದರೆ?"

"ಪಾಸಾದ್ರೆ ನಾನು ಮತ್ತೆ ಬಾಯಿ ತೆರೆಯುವುದಿಲ್ಲ."

ಎರಡನೆಯದು ನನಗೆ ಹೆಚ್ಚು ಆಕರ್ಷಕವಾಗಿ ಕಂಡಿತು. ಒಪ್ಪಿದೆ.

ತಪಾಸಣೆಗೆ ಮುಂಚೆ ಎಂಜಿನ್ ಎಣ್ಣೆ ಬದಲಾಯಿಸಬೇಕಿತ್ತು. ಈವರೆಗೆ ಹಾಕಿಸಿದ್ದು ಸಾದಾ ಎಣ್ಣೆ. ಅದನ್ನೇ ಮುಂದುವರಿಸುವುದೋ, ದುಬಾರಿಯ ಸಿಂಥೆಟಿಕ್‌ಗೆ ಹೋಗುವುದೋ ಎಂಬುದಷ್ಟೇ ಪ್ರಶ್ನೆ. ಪ್ರಶ್ನೆ ಕೇಳಿದ್ದು ಮೆಕ್ಯಾನಿಕ್. ಉತ್ತರಿಸಲು ಹೊರಟವರು ಉಳಿದವರೆಲ್ಲ.

ಕಾಟನ್

ಬ್ರೇಕ್ ನೋಡಲೆಂದು ಕಾರನ್ನು ಗ್ಯಾರೇಜಿಗೆ ಬಿಟ್ಟಿದ್ದೆ. ನಾನು ಸ್ನಾನಕ್ಕೆ ಹೋಗಿದ್ದಾಗ ಮೆಕ್ಯಾನಿಕ್‌ನ ಫೋನು ಬಂತು. ಮನೆಗೆ ಬಂದಿದ್ದ ತಮ್ಮನ ಹೆಂಡತಿ ಎತ್ತಿಕೊಂಡಳು.

"ಮೇಡಮ್ ಕೋ ಸಿಂಥೆಟಿಕ್ ಚಾಹಿಯೇ ಕ್ಯಾ?"

ನನ್ನ ಕಪಾಟಿನಲ್ಲಿ ಹತ್ತಿ ಸೀರೆಯಲ್ಲದೆ ಬೇರೇನೂ ಇಲ್ಲವೆಂಬುದು ಅವಳಿಗೆ ಗೊತ್ತು. ಅವಳಿಗೆ ಸಿಟ್ಟೇ ಬಂತು. "ಸಿಂಥೆಟಿಕ್? ಹಮಾರಾ ಅಕ್ಕ ಕೋ? ಕಭೀ ನಹೀ! ಓನ್ಲಿ ಕಾಟನ್!"

ನಾನು ಹೊರಗೆ ಬಂದು, ಯಾರ ಫೋನೆಂದು ಕೇಳಿದೆ.

"ಯಾವನೋ ಸೀರೆ ಅಂಗಡಿಯವ ಅಕ್ಕ. ಓಡಿಸಿಬಿಟ್ಟೆ."

ಸಂಜೆ ಕಾರು ತರಲು ಹೋದಾಗ ಡಿಕ್ಕಿಯ ತುಂಬ ಹತ್ತಿ ನೂಲಿನ ದೊಡ್ಡ ರಾಶಿ. ಗ್ಯಾರೇಜಿನವರು ಗ್ರೀಸು ಒರೆಸಲು ಬಳಸುವಂಥದ್ದು. "ಆಪ್‌ನೇ ಬೋಲಾ ಥಾ ನಾ, ಓನ್ಲಿ ಕಾಟನ್," ಎಂದ ಮೆಕ್ಯಾನಿಕ್. ಪರೀಕ್ಷಿಸಿ ನೋಡಿದೆ. ಅಪ್ಪಟ ಹತ್ತಿಯೇ, ಅಂಚು ಮತ್ತು ಸೆರಗು ಮಾತ್ರ ಇರಲಿಲ್ಲ. ವಸ್ತುವನ್ನು ವ್ಯರ್ಥ ಮಾಡುವ ಅಭ್ಯಾಸ ನನಗಿಲ್ಲವಾದ್ದರಿಂದ ಡಿಕ್ಕಿಯಲ್ಲೇ ಬಿಟ್ಟೆ.

ಬಜ್ಜಿ

ತಮ್ಮ ಎಂಜಿನ್ ನೋಡುತ್ತೇನೆಂದು ಬಂದ. ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು, ತುದಿಯ ಎಣ್ಣೆಯನ್ನು ಎರಡು ಬೆರಳ ನಡುವೆ ತಿಕ್ಕಿ, ಮೂಸಿ, ಕಣ್ಣು ಮುಚ್ಚಿ ನಿಂತ. ಹೋಟೆಲಿನಲ್ಲಿ ಬಾಣಲೆಯ ಮುಂದೆ ಅವನು ನಿಲ್ಲುವುದೂ ಹೀಗೆಯೇ.

"ಸಿಂಥೆಟಿಕ್ ಬೇಡ ಅಕ್ಕ. ಅದು ತೆಳು. ಹಳೆ ಎಂಜಿನ್ನಿನ ಸಂದಿಯಿಂದೆಲ್ಲ ಸೋರ್ತದೆ."

"ಈ ಎಂಜಿನ್ ಈವರೆಗೆ ಒಂದು ಹನಿಯನ್ನೂ ಸೋರಿಸಿಲ್ಲ."

"ಇನ್ನು ಸೋರ್ತದೆ, ನೋಡಿ ಬೇಕಾದ್ರೆ. ಈಗ ಇರುವುದನ್ನೂ ತೆಗೆಯುವುದು ಬೇಡ. ಇದರಲ್ಲಿ ಇನ್ನೂ ಎರಡು ದಿನ ಬಜ್ಜಿ ಕರೀಬಹುದು."

ಅಂದಿನಿಂದ ನಾನು ಅವನ ಹೋಟೆಲಿನಲ್ಲಿ ಇಡ್ಲಿ ಮಾತ್ರ ತಿನ್ನುತ್ತೇನೆ.

ಕಾನ್ವೆಂಟ್

ನಮ್ಮ ಬಿಲ್ಡಿಂಗಿನ ಕಾರ್ಯದರ್ಶಿ ಧಾರವಾಡದ ಕಡೆಯವರು. ಮೊಬೈಲಿನಲ್ಲಿ ಏನೋ ಓದಿಕೊಂಡು, ಲಿಫ್ಟಿನ ಬಳಿ ನನ್ನನ್ನು ತಡೆದರು.

"ಬಾಯಾರ, ನೀವು ಯಾಕ ತಲಿ ಕೆಡಿಸ್ಕೋತೀರಿ? ಇದರಾಗ ಬರದಾರ ನೋಡ್ರಿ. ಒಂದು ಸಿಂಥೆಟಿಕ್, ಇನ್ನೊಂದು ಕಾನ್ವೆಂಟಿನಲ್. ನೀವಂತೂ ಕಾನ್ವೆಂಟಿನಾಗ ಕಲಿತವರು. ನಿಮಗ ಅದ ಸರಿ."

"ಅದು ಕನ್ವೆನ್ಷನಲ್. ಸಾಂಪ್ರದಾಯಿಕ ಎಂದು ಅರ್ಥ."

"ಅದನ್ನ ನಾನೂ ಹೇಳಾಕತ್ತೀನ್ರಿ. ಸಿಸ್ಟರ್‌ಗೋಳು ಮೇಣದಬತ್ತಿ ಮಾಡ್ತಾರ, ಜಾಮ್ ಮಾಡ್ತಾರ, ಎಣ್ಣಿ ಮಾಡಿದ್ರ ತಪ್ಪೇನು? ನಿಮ್ಮ ಗುರುತಿನ ಮ್ಯಾಲೆ ನನ್ನ ಸ್ಕೂಟರಿಗೂ ಒಂದು ಡಬ್ಬಿ ಕೊಡಿಸ್ರಿ. ಸ್ವಲ್ಪ ರಿಯಾಯಿತಿ ಮಾಡ್ಕೊಡ್ತಾರೇನು?"

"ಆ ಕಾನ್ವೆಂಟಿನಲ್ಲಿ ತಯಾರಾದದ್ದು ನಾನು. ರಿಯಾಯಿತಿ ಇಲ್ಲ," ಎಂದು ಲಿಫ್ಟಿನ ಬಾಗಿಲು ಎಳೆದುಕೊಂಡೆ.

ಹನಿ

ನಿರ್ಧಾರ ನನ್ನದೇ ಆಗಿತ್ತು. ಬೆಳಗಿನಿಂದ ಸಂಜೆಯವರೆಗೆ ನಿಂತು ನಿಂತು ಸಾಗುವ ಈ ಊರಿನ ಟ್ರಾಫಿಕ್ಕಿನಲ್ಲಿ ಎಂಜಿನ್ ಕಾಯುತ್ತದೆ; ಆ ಕಾವನ್ನು ಸಿಂಥೆಟಿಕ್ ಚೆನ್ನಾಗಿ ತಾಳುತ್ತದೆ. ಸೋರುವ ಎಂಜಿನ್ನಾಗಿದ್ದರೆ ಹಿಂಜರಿಯುತ್ತಿದ್ದೆ. ನನ್ನದು ಸೋರುವುದಿಲ್ಲ. ತಯಾರಕರು ಹೇಳಿದ ದಪ್ಪದ ಸಿಂಥೆಟಿಕ್ ಎಣ್ಣೆಯನ್ನೇ ಎದುರಿಗೆ ನಿಂತು ಹಾಕಿಸಿದೆ.

ತಪಾಸಣೆಯ ದಿನ ತಮ್ಮ ನನ್ನ ಸೋಲನ್ನು ನೋಡಲು ಬಂದ. ಅವನ ಹೆಂಡತಿಗೆ ಅಲ್ಲಿಂದ ನೇರ ಬೊರಿವಲಿಯ ತಾಯಿಮನೆಗೆ ಹೋಗಬೇಕಿತ್ತು. ಏನೋ ಒಂದು ಡಬ್ಬವನ್ನು ಡಿಕ್ಕಿಯಲ್ಲಿಟ್ಟು ಹಿಂದಿನ ಸೀಟಿನಲ್ಲಿ ಕುಳಿತಳು. ದಾರಿಯಲ್ಲಿದ್ದ ಹೊಂಡಗಳನ್ನು ಲೆಕ್ಕಿಸದೆ ಓಡಿಸಿದೆ.

ಅಧಿಕಾರಿ ಎಳೆಯ ವಯಸ್ಸಿನ ಮರಾಠಿ ಹುಡುಗ. ದೀಪ ನೋಡಿದರು, ಸರಿ. ಬ್ರೇಕು, ಸರಿ. ಹೊಗೆ, ಸರಿ. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತೆ. ಆಗ ಕಾರಿನ ಕೆಳಗೆ ಟಪ್ ಎಂದು ಒಂದು ಹನಿ ಬಿತ್ತು. ಇನ್ನೊಂದು ಬಿತ್ತು.

"ಅಕ್ಕ," ಎಂದ ತಮ್ಮ, ಬಹಳ ಮೃದುವಾಗಿ. "ನಾನು ಹೇಳಿದ್ದೆನಲ್ಲ."

ಅಧಿಕಾರಿಯ ಮುಖ ಗಂಭೀರವಾಯಿತು. "ಆಜಿ, ಎಂಜಿನ್ ಮೇ ಕೌನ್ಸಾ ತೇಲ್ ಡಾಲಾ?"

"ಸಿಂಥೆಟಿಕ್," ಎಂದೆ. "ಎಂಜಿನ್ ಇರುವುದು ಮುಂದೆ. ಹನಿ ಬೀಳುತ್ತಿರುವುದು ಹಿಂದೆ. ದಯವಿಟ್ಟು ಅದನ್ನೂ ಗಮನಿಸಿ," ಎಂದು ಅವರದೇ ಮರಾಠಿಯಲ್ಲಿ ಸೇರಿಸಿದೆ.

ಅವರು ಬಗ್ಗಿ ಬೆರಳಿಗೆ ಒಂದು ಹನಿ ತಾಗಿಸಿಕೊಂಡರು. ಮೂಸಿದರು. ಮತ್ತೆ ಮೂಸಿದರು. ತಮ್ಮನೂ ಬಗ್ಗಿ ಎರಡು ಬೆರಳ ನಡುವೆ ತಿಕ್ಕಿ, ಕಣ್ಣು ಮುಚ್ಚಿದ. ಅವನ ಮುಖದ ಬಣ್ಣವೇ ಬದಲಾಯಿತು. "ಅಯ್ಯೋ, ಇದು ನಮ್ಮ ಊರಿನ ಗಾಣದ್ದು ಮಾರಾಯ್ರೆ!"

"ಖೋಬರೇಲ್?" ಎಂದರು ಅಧಿಕಾರಿ. ತೆಂಗಿನೆಣ್ಣೆಗೆ ಮರಾಠಿಯಲ್ಲಿ ಹಾಗೆನ್ನುತ್ತಾರೆ. ಅವರು ನನ್ನತ್ತ ತಿರುಗಿ, ನಂಬಲಾಗದವರಂತೆ ಕೇಳಿದರು: "ಲೇಕಿನ್ ಆಪ್ ತೋ ಬೋಲೀ, ಸಿಂಥೆಟಿಕ್?"

ಹಿಂದಿನ ಸೀಟಿನ ಬಾಗಿಲು ದಢಾರನೆ ತೆರೆಯಿತು. ತನ್ನ ತಾಯಿಗೆಂದು ಉಡುಪಿಯಿಂದ ತರಿಸಿದ್ದ ಎಣ್ಣೆಯ ಬಗ್ಗೆ ಹೀಗೊಂದು ಮಾತು ಬಂದಮೇಲೆ ತಮ್ಮನ ಹೆಂಡತಿ ಕುಳಿತಿರುವುದಾದರೂ ಹೇಗೆ?

"ಕೌನ್ ಬೋಲಾ ಸಿಂಥೆಟಿಕ್? ಏಕ್‌ದಮ್ ಪ್ಯೂರ್ ಹೈ ಸಾಹೇಬ್! ಬಾಲ್ ಕೋ ಲಗಾಕೇ ದೇಖೋ!"

ಡಿಕ್ಕಿ ತೆರೆದೆವು. ಹೊಂಡಗಳ ಕೃಪೆಯಿಂದ ಡಬ್ಬದ ಮುಚ್ಚಳ ಹಾರಿತ್ತು. ಗ್ಯಾರೇಜಿನ ಹತ್ತಿ ಕುಡಿಯುವಷ್ಟು ಕುಡಿದು, ಉಳಿದದ್ದನ್ನು ತಳದ ತೂತಿನಿಂದ ಕೆಳಗೆ ಬಿಡುತ್ತಿತ್ತು. ಅಧಿಕಾರಿ ಎಂಜಿನ್ನಿನ ಕೆಳಗೆ ಟಾರ್ಚು ಹಾಕಿ ನೋಡಿದರು. ಒಣ ನೆಲ. ಇನ್ನು ಐದು ವರ್ಷಕ್ಕೆ ಪಾಸು ಮಾಡಿದರು. ಬರುವಾಗ ನಾನೇ ಓಡಿಸಿದೆ. ತಮ್ಮ ದಾರಿಯುದ್ದಕ್ಕೂ ಬಾಯಿ ತೆರೆಯಲಿಲ್ಲ.

ಅಲ್ಲಿ ಹಾಜರಿದ್ದವರು: ನಾನು, ನನ್ನ ತಮ್ಮ ಸದಾನಂದ, ಅವನ ಹೆಂಡತಿ ಸುಗಂಧಿ, ಮತ್ತು ಹೆಸರು ಹೇಳದ ಆ ಅಧಿಕಾರಿ, ತಲೆಗೂದಲು ಚೆನ್ನಾಗಿ ಮಿಂಚುತ್ತಿದ್ದ ಸ್ಥಿತಿಯಲ್ಲಿ.